ಆಣೆಯೂ ಮುಚ್ಚಳಿಕೆಯೂ

ಅಂಬಲಪಾಡಿಯ ನಮ್ಮ ಮನೆಗೆ ಒಂದು ಸಂಜೆ ನೆರೆಯ ತಾಯಿಯೊಬ್ಬರು ಬಂದರು. ಮಗ ಗಾಂಜಾಕ್ಕೆ ಬಿದ್ದಿದ್ದ. ಮಹಾಕಾಳಿಯಮ್ಮನ ಎದುರು ಅವನಿಂದ ಆಣೆ ಮಾಡಿಸಿದ್ದೂ ಆಗಿತ್ತು. ಆಣೆ ಎಂಟು ದಿನ ನಿಂತಿರಲಿಲ್ಲ. "ಆಸ್ಪತ್ರೆಗೆ ಕರೆದೊಯ್ದರೆ ಪೊಲೀಸರು ಹಿಡಿಯುತ್ತಾರೆಯೆ?" ಎಂಬುದು ಆಕೆಯ ಪ್ರಶ್ನೆ. ಉತ್ತರಕ್ಕಾಗಿ ಕಾನೂನು ನಡೆದುಬಂದ ದಾರಿಯನ್ನು ಕೊಂಚ ಹಿಂತಿರುಗಿ ನೋಡಬೇಕು.

ಮೆಕಾಲೆಯ ಆಯೋಗ 1837ರಲ್ಲಿ ಕರಡು ಮಾಡಿದ ದಂಡಸಂಹಿತೆ 1860ರಲ್ಲಿ ಶಾಸನವಾಗಿ, 1862ರ ಆರಂಭದಿಂದ ಜಾರಿಗೆ ಬಂದಿತು. ಆಗ ಮದರಾಸು ಪ್ರಾಂತ್ಯದಲ್ಲಿದ್ದ ನಮ್ಮ ಕರಾವಳಿಗೂ ಅದೇ ನ್ಯಾಯ. ಅರಿಯದೆಯೋ ಬಲಾತ್ಕಾರದಿಂದಲೋ ಅಮಲೇರಿ ಬುದ್ಧಿಗೆಟ್ಟವನಿಗೆ ಅದರ 85ನೆಯ ಕಲಮು ಕ್ಷಮೆ ನೀಡಿತು. ತಾನಾಗಿ ಸೇವಿಸಿದವನಿಗೆ ನೀಡಲಿಲ್ಲ. ಮದುವೆಯ ಮನೆಯಲ್ಲಿ ಕುಡಿದು, ಸರಿದು ಕೂರಲೊಪ್ಪದ ಬಾಲಕನನ್ನು ಗುಂಡಿಕ್ಕಿ ಕೊಂದ ಬಸ್‌ದೇವ್ ಎಂಬ ನಿವೃತ್ತ ಜಮಾದಾರನ ಶಿಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯ 1956ರಲ್ಲಿ ಎತ್ತಿಹಿಡಿಯಿತು. 2024ರ ಜುಲೈ 1ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯೂ ಈ ನಿಲುವನ್ನು ಬಿಟ್ಟಿಲ್ಲ.

ಮೊದಲ ದಮ್ಮು ಇಚ್ಛೆಯಿಂದಲೇ ಆದೀತು, ನೂರನೆಯದೂ ಹಾಗೆಯೆ? ಹಳೆಯ ಸಂಹಿತೆ ಇದನ್ನು ಕೇಳಲಿಲ್ಲ. ಕೇಳಿದ್ದು 1985ರ ಮಾದಕದ್ರವ್ಯ ಕಾಯಿದೆ. ಸೇವನೆಯನ್ನು ಅಪರಾಧವೆಂದೇ ಎಣಿಸಿದರೂ, ಅದು 39ನೆಯ ಕಲಮಿನಲ್ಲಿ ಒಂದು ಬಾಗಿಲನ್ನು ತೆರೆಯಿತು. ಸೇವನೆ ಅಥವಾ ಅಲ್ಪ ಪ್ರಮಾಣದ ಅಪರಾಧದಲ್ಲಿ ತಪ್ಪಿತಸ್ಥನಾದ ವ್ಯಸನಿಯನ್ನು, ಅವನ ಒಪ್ಪಿಗೆಯಿದ್ದರೆ, ಸೆರೆಮನೆಯ ಬದಲು ಚಿಕಿತ್ಸೆಗೆ ಕಳುಹಿಸಬಹುದು. ಅವನು ಮುಚ್ಚಳಿಕೆ ಬರೆದುಕೊಟ್ಟು, ವರ್ಷದೊಳಗೆ ಚಿಕಿತ್ಸೆಯ ಫಲದ ವರದಿಯನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕು. 1989ರಲ್ಲಿ ಸೇರಿ 2001ರಲ್ಲಿ ತಿದ್ದುಪಡಿಯಾದ 64ಎ ಕಲಮು ಇನ್ನೂ ಮುಂದೆ ಹೋಯಿತು: ಅಂಥ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರಕಾರದ ಅಥವಾ ಸರಕಾರ ಮಾನ್ಯಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆಯುಂಟು, ನಡುವೆ ಬಿಟ್ಟುಬಂದರೆ ಆ ರಕ್ಷಣೆ ಹೋಗಬಹುದು. ಮಾರಾಟಕ್ಕಾಗಲಿ, ಚಟಕ್ಕಾಗಿ ಮಾಡಿದ ಕಳವಿಗಾಗಲಿ ಈ ಕೊಡೆಯ ನೆರಳಿಲ್ಲ.

ಹೊಣೆಯೂ ಚಿಕಿತ್ಸೆಯೂ ಪರಸ್ಪರ ವೈರಿಗಳೆಂದು ಭಾವಿಸುವವರುಂಟು. ನನಗೆ ಹಾಗೆ ತೋರುವುದಿಲ್ಲ. ವ್ಯಸನಿಯ ಒಪ್ಪಿಗೆಯನ್ನು ಕೇಳುವ ಕಾನೂನು ಅವನನ್ನು ಇನ್ನೂ ಮನುಷ್ಯನೆಂದು, ಮಾತಿಗೆ ನಿಲ್ಲಬಲ್ಲವನೆಂದು ನಂಬುತ್ತದೆ. ಆಣೆ ಕೇಳಿದ್ದೂ ಅದನ್ನೇ. ಆದರೆ ಆಣೆಯಿಟ್ಟವನು ಗುಡಿಯಿಂದ ಒಬ್ಬನೇ ಮನೆಗೆ ಮರಳಿದ್ದ. ಮುಚ್ಚಳಿಕೆ ಬರೆದವನ ಬದಿಯಲ್ಲಿ ಒಬ್ಬ ವೈದ್ಯನಿರುತ್ತಾನೆ.

"ಹೆದರಬೇಡಿ, ಕರೆದುಕೊಂಡು ಹೋಗಿ" ಎಂದೆ. ಆ ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಆಸ್ಪತ್ರೆಗೆ ಬೆಳಗಿನ ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು.