ಅಥೋಲ್ ಬ್ರೋಸ್: 1475ರ ಐತಿಹ್ಯ, ಮೂರು ಪಾಠಗಳು ಮತ್ತು ಅಳತೆಯ ತೊಡಕು

1. ವ್ಯಾಪ್ತಿ

ಅಥೋಲ್ ಎಂಬುದು ಸ್ಕಾಟ್ಲೆಂಡಿನ ಪರ್ತ್‌ಷೈರ್‌ನ ಉತ್ತರ ಭಾಗದ ಸೀಮೆ. ಅದರ ಹೆಸರನ್ನು ಹೊತ್ತ ಅಥೋಲ್ ಬ್ರೋಸ್ ಮನೆಗಳಲ್ಲಿ ತಯಾರಾಗುವ ಪಾನೀಯ. ಡಿಸೆಂಬರ್ 31ರ ರಾತ್ರಿಯ ಹಾಗ್ಮನೇ ಆಚರಣೆಯೊಡನೆ ಅದಕ್ಕೆ ವಿಶೇಷ ನಂಟಿದೆ. ಇಂದಿನ ರೂಢಿಯ ಪ್ರಕಾರ ಅದರ ಅಂಗಗಳು ಮೂರು: ಓಟ್ಸ್ ಹಿಟ್ಟನ್ನು ತಣ್ಣೀರಿನಲ್ಲಿ ನೆನೆಸಿ ಸೋಸಿದ ದ್ರವ, ಜೇನು, ವಿಸ್ಕಿ. ಕೆನೆ ಐಚ್ಛಿಕ. ಈ ಸೋಸಿದ ದ್ರವವನ್ನು ಇಲ್ಲಿ 'ಓಟ್ಸ್ ಹಾಲು' ಎಂದು ಕರೆಯಲಾಗಿದೆ. ರಾಗಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ತೆಗೆದದ್ದನ್ನು ನಮ್ಮ ಅಡುಗೆಮನೆಗಳಲ್ಲಿ ರಾಗಿ ಹಾಲು ಎನ್ನುವುದರಿಂದ ಈ ಪದ ಕೃತಕವಾಗದು. ಕ್ರಿಯೆ ಬಹುಮಟ್ಟಿಗೆ ಒಂದೇ. ರುಬ್ಬುವ ಹಂತ ಮಾತ್ರ ಅಲ್ಲಿಲ್ಲ.

ಪರಿಶೀಲನೆಗೆ ಎತ್ತಿಕೊಂಡ ಪ್ರಶ್ನೆಗಳು ಎರಡು. ಓಟ್ಸ್ ಈ ಪಾನೀಯದ ಮೂಲ ಅಂಗವೆ? ಪಾನೀಯದ ಹಳಮೆಗೆ ಸಾಕ್ಷಿಯೆಂದು ಮುಂದಿಡುವ 1475ರ ಕಥೆಗೆ ಎಷ್ಟು ಬೆಲೆ ಕೊಡಬಹುದು?

2. 'ಬ್ರೋಸ್' ಪದ

ಸ್ಕಾಟ್ಸ್ ನುಡಿಯಲ್ಲಿ ಬ್ರೋಸ್ ಎಂದರೆ ಸಾಮಾನ್ಯವಾಗಿ ಓಟ್ಸ್ ಹಿಟ್ಟಿನ ಮೇಲೆ ಕುದಿನೀರನ್ನೋ ಬಿಸಿ ಸಾರನ್ನೋ ಸುರಿದು ಕಲಸಿದ ಆಹಾರ. ಹಿಟ್ಟನ್ನು ಒಲೆಯ ಮೇಲೆ ಬೇಯಿಸುವುದಿಲ್ಲ. ಪಾರಿಜ್‌ಗೂ ಇದಕ್ಕೂ ಇರುವ ಮುಖ್ಯ ಭೇದ ಇದೇ. ಪದದ ಮೂಲವನ್ನು ಹಳೆಯ ಫ್ರೆಂಚಿನಲ್ಲಿ ಸಾರು ಎಂಬರ್ಥದ ಪದದೊಡನೆ ಜೋಡಿಸುತ್ತಾರೆ.

ಹೆಸರಿನಲ್ಲಿ ಬ್ರೋಸ್ ಇರುವುದರಿಂದ ಪಾನೀಯದಲ್ಲಿ ಓಟ್ಸ್ ಇದ್ದೇ ಇತ್ತು ಎಂಬ ವಾದ ಮೇಲ್ನೋಟಕ್ಕೆ ಗಟ್ಟಿಯಾಗಿ ಕಾಣುತ್ತದೆ. ಆದರೆ ದ್ರವದಲ್ಲಿ ಏನನ್ನೇ ಕದಡಿದರೂ ಈ ಹೆಸರು ಲಾಕ್ಷಣಿಕವಾಗಿ ಅಂಟಿಕೊಂಡಿರಬಹುದು. ಹೀಗಾಗಿ ಪದವ್ಯುತ್ಪತ್ತಿಯೊಂದರಿಂದಲೇ ಪ್ರಶ್ನೆ ಇತ್ಯರ್ಥವಾಗದು.

3. 1475ರ ಕಥೆ

ಐತಿಹ್ಯದ ಸಾರ ಇಷ್ಟು. ದ್ವೀಪಗಳ ಒಡೆಯನೂ ರಾಸ್‌ನ ಅರ್ಲ್‌ನೂ ಆಗಿದ್ದ ಜಾನ್ ಮ್ಯಾಕ್‌ಡೊನಾಲ್ಡ್ ದೊರೆಗೆ ತಿರುಗಿಬಿದ್ದಿದ್ದ. ಅವನು ನೀರು ಕುಡಿಯಲು ಬರುತ್ತಿದ್ದ ಬಾವಿಗೆ ಅಥೋಲ್‌ನ ಅರ್ಲ್ ಜೇನು, ವಿಸ್ಕಿ, ಓಟ್ಸ್ ತುಂಬಿಸಿದ. ಅದನ್ನು ಕುಡಿದು ಮೈಮರೆತ ಬಂಡುಕೋರ ಸೆರೆಸಿಕ್ಕ. ವರ್ಷ 1475 ಎಂದು ಬಹುತೇಕ ಕಡೆ ಕೊಡಲಾಗುತ್ತದೆ.

ಪಾತ್ರಗಳು ಕಾಲ್ಪನಿಕವಲ್ಲ. ಜಾನ್ ಇಂಗ್ಲೆಂಡಿನ ದೊರೆಯೊಡನೆ 1462ರಲ್ಲಿ ಮಾಡಿಕೊಂಡಿದ್ದ ರಹಸ್ಯ ಒಪ್ಪಂದ ಬಯಲಾಗಿ, ಸ್ಕಾಟ್ಲೆಂಡಿನ ದೊರೆ 3ನೇ ಜೇಮ್ಸ್‌ನ ಕಾಲದಲ್ಲಿ, 1475ರ ಕೊನೆಗೆ ಅವನ ಆಸ್ತಿ ಮುಟ್ಟುಗೋಲಿನ ತೀರ್ಪಾಯಿತು. ಆಗಿನ ಅಥೋಲ್‌ನ ಅರ್ಲ್ ಜಾನ್ ಸ್ಟೂಅರ್ಟ್, 2ನೇ ಜೇಮ್ಸ್‌ನ ಮಲತಮ್ಮ. ತೀರ್ಪನ್ನು ಜಾರಿಗೊಳಿಸಲು ಕಳಿಸಿದ ಸೇನೆಯ ನಾಯಕರಲ್ಲಿ ಅವನೂ ಒಬ್ಬನೆಂದು ನಂತರದ ಇತಿಹಾಸಕಾರರು ಹೇಳುತ್ತಾರೆ.

ತಾಳೆಯಾಗದಿರುವುದು ಮುಕ್ತಾಯ. ಮ್ಯಾಕ್‌ಡೊನಾಲ್ಡ್ 1476ರಲ್ಲಿ ತಾನೇ ಶರಣಾದ. ರಾಸ್, ಕಿಂಟೈರ್, ನ್ಯಾಪ್‌ಡೇಲ್‌ಗಳನ್ನು ಬಿಟ್ಟುಕೊಟ್ಟು, ದ್ವೀಪಗಳ ಒಡೆತನವನ್ನು ಸಂಸತ್ತಿನ ಲಾರ್ಡ್ ಎಂಬ ಹೊಸ ಅಂತಸ್ತಿನಲ್ಲಿ ಉಳಿಸಿಕೊಂಡ. ಅದೂ ಕೈತಪ್ಪಿದ್ದು 1493ರಲ್ಲಿ. ಸೆರೆ ಮತ್ತು ಶರಣಾಗತಿ ಬೇರೆ ಬೇರೆ ಸಂಗತಿಗಳು. ಕಥೆ ಸೆರೆಯನ್ನು ಹೇಳುತ್ತದೆ, ರಾಜಕೀಯ ಇತಿಹಾಸ ಶರಣಾಗತಿಯನ್ನು. 1475 ಎಂಬ ಇಸವಿ ತೀರ್ಪಿನ ದಿನಾಂಕದಿಂದ ಕಥೆಗೆ ಬಂದು ಸೇರಿರುವ ಸಾಧ್ಯತೆ ಹೆಚ್ಚೆಂದು ತೋರುತ್ತದೆ.

4. 1494 ಅಥವಾ 1495

ಕಥೆಯ ಮೇಲೆ ಇನ್ನೊಂದು ಆಕ್ಷೇಪವಿದೆ: 1475ರಲ್ಲಿ ಸ್ಕಾಟ್ಲೆಂಡಿನಲ್ಲಿ ವಿಸ್ಕಿ ಇತ್ತೆ? ಅಲ್ಲಿ ಭಟ್ಟಿಯಿಳಿಸಿದ ಮದ್ಯದ ಮೊದಲ ಲಿಖಿತ ಉಲ್ಲೇಖವೆಂದು ಒಪ್ಪಿತವಾಗಿರುವುದು ರಾಜ್ಯದ ಖಜಾನೆಯ ಲೆಕ್ಕಪತ್ರದ ಒಂದು ನಮೂದು. ದೊರೆಯ ಅಪ್ಪಣೆಯಂತೆ 'ಆಕ್ವಾ ವೀಟೆ' ತಯಾರಿಸಲು ಫ್ರಯರ್ ಜಾನ್ ಕಾರ್‌ಗೆ 8 ಬೋಲ್ (ಧಾನ್ಯದ ಹಳೆಯ ಅಳತೆ) ಮಾಲ್ಟ್ ಕೊಡಲಾಯಿತು ಎಂಬುದು ಅದರ ತಿರುಳು. ಜನಪ್ರಿಯ ಬರಹಗಳು ಇಸವಿಯನ್ನು ಕೆಲವೊಮ್ಮೆ 1494 ಎಂದೂ ಕೆಲವೊಮ್ಮೆ 1495 ಎಂದೂ ಕೊಡುತ್ತವೆ. ಲೆಕ್ಕದ ವರ್ಷ ಎರಡೂ ಇಸವಿಗಳನ್ನು ವ್ಯಾಪಿಸಿರುವುದರಿಂದ 1494–95 ಎಂದು ಬರೆಯುವುದು ಸುರಕ್ಷಿತ.

ಪ್ರಸ್ತುತ ವಿಷಯಕ್ಕೆ ಈ ಆಕ್ಷೇಪ ನಿರ್ಣಾಯಕವಲ್ಲ. 8 ಬೋಲ್ ಎಂಬ ಗಾತ್ರ ಹೊಸ ಪ್ರಯೋಗದ್ದಲ್ಲ, ಪಳಗಿದ ಕೈಯ ಕಸುಬಿನದು. ಅಲ್ಲದೆ ಐರ್ಲೆಂಡಿನ ಕ್ಲಾನ್‌ಮ್ಯಾಕ್‌ನಾಯ್ಸ್ ವಾರ್ಷಿಕಗಳು 1405ರಲ್ಲಿ ಆಕ್ವಾ ವೀಟೆ ಅತಿಯಾಗಿ ಕುಡಿದು ಸತ್ತವನೊಬ್ಬನನ್ನು ಹೆಸರಿಸುತ್ತವೆ. ಆ ವಾರ್ಷಿಕಗಳು ಉಳಿದಿರುವುದು 1627ರ ಅನುವಾದದಲ್ಲಿ ಎಂಬುದನ್ನೂ ಜೊತೆಗೇ ಹೇಳಬೇಕು. ಒಟ್ಟಿನಲ್ಲಿ, 1475ರಲ್ಲಿ ಮದ್ಯ ಇದ್ದಿರಬಹುದು. ಪೀಪಾಯಿಯಲ್ಲಿ ವರ್ಷಗಟ್ಟಲೆ ಹಣ್ಣಾದ ಇಂದಿನ ವಿಸ್ಕಿ ಅದಾಗಿರಲಾರದು.

ಪ್ರಾಸಂಗಿಕವಾಗಿ ಒಂದು ತಿದ್ದುಪಡಿ. ಆ 8 ಬೋಲ್ ಸುಮಾರು 500 ಕಿಲೋ ಎಂಬ ಅಂದಾಜು ಪದೇ ಪದೇ ಕಾಣಸಿಗುತ್ತದೆ. 8ನ್ನು 140 ಪೌಂಡಿನಿಂದ ಗುಣಿಸಿದರೆ 1120 ಪೌಂಡ್, ಅಂದರೆ 508 ಕಿಲೋ ಬರುತ್ತದೆ. ಅಂದಾಜಿನ ಮೂಲ ಇದೇ ಇರಬೇಕು. ಆದರೆ 140 ಪೌಂಡ್ ಎಂಬುದು ನಂತರದ ಕಾಲದ ಓಟ್ಸ್ ಹಿಟ್ಟಿನ ಬೋಲ್‌ನ ತೂಕ. ಬೋಲ್ ಮೂಲತಃ ನಮ್ಮ ಖಂಡುಗದಂತೆ ಗಾತ್ರದ ಅಳತೆ. ಧಾನ್ಯ ಬದಲಾದರೆ ತೂಕವೂ ಬದಲು. 15ನೇ ಶತಮಾನದ ಮಾಲ್ಟಿಗೆ ಹಿಟ್ಟಿನ ತೂಕವನ್ನು ಹಚ್ಚುವುದು ಸರಿಯಲ್ಲ.

5. ಮೂರು ಪಾಠಗಳು

(ಅ) ಡಾಡ್ಸ್ ಪಾಠ. 1826ರಲ್ಲಿ ಎಡಿನ್‌ಬರೋದಿಂದ ಹೊರಬಂದ 'ದಿ ಕುಕ್ ಅಂಡ್ ಹೌಸ್‌ವೈಫ್ಸ್ ಮ್ಯಾನ್ಯುಯಲ್' ಕೈಪಿಡಿಯ ಮುಖಪುಟದಲ್ಲಿರುವ ಮಾರ್ಗರೆಟ್ ಡಾಡ್ಸ್ ನಿಜವ್ಯಕ್ತಿಯಲ್ಲ. ಆಕೆ ವಾಲ್ಟರ್ ಸ್ಕಾಟ್‌ನ 'ಸೇಂಟ್ ರೊನಾನ್ಸ್ ವೆಲ್' ಕಾದಂಬರಿಯ ಹೋಟೆಲಿನೊಡತಿ. ಬರೆದವರು ಕ್ರಿಶ್ಚಿಯನ್ ಇಸಬೆಲ್ ಜಾನ್‌ಸ್ಟನ್. ಡಾಡ್ಸ್ ಹೆಸರಿನಲ್ಲಿ ಉಲ್ಲೇಖಗೊಳ್ಳುವ ಪಾಠದ ಪ್ರಕಾರ 1 ಪೌಂಡ್ ಸೋರಿಸಿದ ಜೇನನ್ನು ಒಂದು ಟೀ ಬಟ್ಟಲಿನಷ್ಟು ತಣ್ಣೀರಿನಲ್ಲಿ ಬೆಳ್ಳಿ ಚಮಚದಿಂದ ಕರಗಿಸಿ, ಒಂದೂವರೆ ಪೈಂಟ್ ವಿಸ್ಕಿಯನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ, ನೊರೆ ಏಳುವವರೆಗೆ ಕದಡಬೇಕು. ಕೆಲವರು ಮೊಟ್ಟೆಯ ಹಳದಿಯನ್ನೂ ಸೇರಿಸುತ್ತಾರೆ. ಓಟ್ಸ್ ಇಲ್ಲ.

(ಆ) ಸ್ಟೀವನ್‌ಸನ್ ಪಾಠ. ರಾಬರ್ಟ್ ಲೂಯಿಸ್ ಸ್ಟೀವನ್‌ಸನ್‌ನ 'ಕಿಡ್ನ್ಯಾಪ್ಡ್' (1886) ಕಾದಂಬರಿಯಲ್ಲಿ ಬಾಲ್‌ವಿಡರ್‌ನ ಮನೆಯೊಂದರ ಯಜಮಾನ ತನ್ನ ಹೆಂಡತಿ ಮಾಡುವ ಅಥೋಲ್ ಬ್ರೋಸ್ ಅನ್ನು ಅತಿಥಿಗಳಿಗೆ ಕೊಡುತ್ತಾನೆ. ಅದರಲ್ಲಿರುವುದು ಹಳೆಯ ವಿಸ್ಕಿ, ಸೋಸಿದ ಜೇನು, ಸಿಹಿ ಕೆನೆ. ಇಲ್ಲಿಯೂ ಓಟ್ಸ್ ಇಲ್ಲ. ಕಥೆ ನಡೆಯುವುದು 1751ರಲ್ಲಾದರೂ ಇದನ್ನು 18ನೇ ಶತಮಾನದ ಸಾಕ್ಷಿಯಾಗಿ ಬಳಸುವಂತಿಲ್ಲ. ಕಥೆಯಲ್ಲಿ ಬರುವ, ನಿಜವಾಗಿ 1752ರಲ್ಲಿ ನಡೆದ ಆ್ಯಪಿನ್ ಕೊಲೆಯನ್ನೇ ಒಂದು ವರ್ಷ ಹಿಂದಕ್ಕೆ ಒಯ್ದ ಕಾದಂಬರಿಕಾರ, ಪಾನೀಯದಲ್ಲಿ ತನ್ನ ಕಾಲದ ರುಚಿಯನ್ನು ಇಟ್ಟಿರಬಹುದು. 19ನೇ ಶತಮಾನದ ಉತ್ತರಾರ್ಧಕ್ಕೆ ಮಾತ್ರ ಇದು ಒಳ್ಳೆಯ ಸಾಕ್ಷಿ.

(ಇ) ಡ್ಯೂಕ್ ಪಾಠ. ಅಥೋಲ್ ಡ್ಯೂಕ್ ಮನೆತನದ್ದೆಂದು 20ನೇ ಶತಮಾನದಲ್ಲಿ ಪ್ರಚಾರಕ್ಕೆ ಬಂದದ್ದು. ಓಟ್ಸ್ ಹಿಟ್ಟನ್ನು ತಣ್ಣೀರಿನಲ್ಲಿ ಗಟ್ಟಿಯಾಗಿ ಕಲಸಿ, ಅರ್ಧ ಗಂಟೆ ಬಿಟ್ಟು, ಮರದ ಚಮಚದಿಂದ ಒತ್ತಿ ಸೋಸಿ, ಗಸಿಯನ್ನು ಬಿಡಬೇಕು. ಆ ಹಾಲು 4 ಶೆರಿ ಗ್ಲಾಸು, ತೆಳು ಜೇನು 4 ಡೆಸರ್ಟ್ ಚಮಚ ಬೆರೆಸಿ, ಕ್ವಾರ್ಟ್ ಬಾಟಲಿಗೆ ಹಾಕಿ, ಉಳಿದ ಜಾಗವನ್ನು ವಿಸ್ಕಿಯಿಂದ ತುಂಬಬೇಕು.

ಹೀಗೆ ಇಲ್ಲಿ ನೋಡಿದ 19ನೇ ಶತಮಾನದ ಎರಡು ಪಾಠಗಳಲ್ಲಿ ಓಟ್ಸ್ ಇಲ್ಲ, ನಂತರದ ಪಾಠದಲ್ಲಿದೆ. ಓಟ್ಸ್ ತಡವಾಗಿ ಬಂತೆಂದು ಇಷ್ಟರಿಂದಲೇ ತೀರ್ಮಾನಿಸುವುದು ಅವಸರವಾದೀತು. ಅಚ್ಚಿನ ಕೈಪಿಡಿ ನಗರದ ಊಟದ ಮೇಜಿನದು. ಹಳ್ಳಿಮನೆಯ ರೂಢಿ ಅದರ ಹೊರಗೆ ಉಳಿದಿರಬಹುದು. ಆದರೆ ಓಟ್ಸ್ ಅನ್ನು 1475ಕ್ಕೆ ಒಯ್ಯುವವರ ಮೇಲೆ ಸಾಕ್ಷಿ ಒದಗಿಸುವ ಹೊಣೆ ಹೆಚ್ಚಾಗುತ್ತದೆ.

6. ಅಳತೆ

ಡಾಡ್ಸ್ ಪಾಠದ 'ಪೈಂಟ್' ಯಾವುದು? ಇಂಪೀರಿಯಲ್ ಪೈಂಟ್ (568 ಮಿ.ಲೀ.) ಶಾಸನಬದ್ಧವಾಗಿ ಜಾರಿಗೆ ಬಂದದ್ದು 1826ರ ಜನವರಿ 1ರಂದು, ಎಂದರೆ ಕೈಪಿಡಿ ಹೊರಬಂದ ವರ್ಷವೇ. ಅದಕ್ಕೆ ಹಿಂದೆ ಇಂಗ್ಲಿಷ್ ವೈನ್ ಪೈಂಟ್ (473 ಮಿ.ಲೀ.) ಇತ್ತು. ಸ್ಟರ್ಲಿಂಗ್ ಜಗ್ ಮಾದರಿಯ ಸ್ಕಾಟ್ಸ್ ಪೈಂಟ್ ಸುಮಾರು 1.7 ಲೀಟರ್. 1 ಪೌಂಡ್ ಜೇನನ್ನು 454 ಗ್ರಾಂ ಎಂದು ಹಿಡಿದರೆ, 1 ಲೀಟರ್ ವಿಸ್ಕಿಗೆ ಬೀಳುವ ಜೇನು ಇಂಪೀರಿಯಲ್ ಲೆಕ್ಕದಲ್ಲಿ ಸುಮಾರು 533 ಗ್ರಾಂ, ವೈನ್ ಪೈಂಟ್ ಲೆಕ್ಕದಲ್ಲಿ 640 ಗ್ರಾಂ, ಸ್ಕಾಟ್ಸ್ ಲೆಕ್ಕದಲ್ಲಿ 178 ಗ್ರಾಂ.

ಡ್ಯೂಕ್ ಪಾಠದಲ್ಲಿ ಕ್ವಾರ್ಟ್ 1136 ಮಿ.ಲೀ. ಶೆರಿ ಗ್ಲಾಸನ್ನು 60, ಡೆಸರ್ಟ್ ಚಮಚವನ್ನು 10 ಮಿ.ಲೀ. ಎಂದುಕೊಂಡರೆ ಓಟ್ಸ್ ಹಾಲು 240, ಜೇನು 40 (ಸುಮಾರು 57 ಗ್ರಾಂ), ವಿಸ್ಕಿ 856 ಮಿ.ಲೀ. ಆಗುತ್ತದೆ. 1 ಲೀಟರ್ ವಿಸ್ಕಿಗೆ ಜೇನು 66 ಗ್ರಾಂ. ಚಮಚ ತುಳುಕುವಷ್ಟಿದ್ದು ಅಳತೆ ಇಮ್ಮಡಿಯಾದರೂ 140 ಗ್ರಾಂ ದಾಟದು.

ಅಂದರೆ ಸ್ಕಾಟ್ಸ್ ಪೈಂಟನ್ನೂ ತುಂಬುಚಮಚವನ್ನೂ ಒಟ್ಟಿಗೆ ಒಪ್ಪಿಕೊಂಡರೂ ಡಾಡ್ಸ್ ಪಾನೀಯವೇ ಹೆಚ್ಚು ಸಿಹಿ. ಇಂಪೀರಿಯಲ್ ಪೈಂಟು, ಮಟ್ಟಚಮಚ ಎಂದಾದರೆ 8 ಪಟ್ಟು. ಇವು ಒಂದೇ ಪಾನೀಯದ ಪಾಠಾಂತರಗಳಿಗಿಂತ ಒಂದು ಹೆಸರಿನಡಿಯ ಎರಡು ಪಾನೀಯಗಳು ಎನ್ನುವುದು ಹೆಚ್ಚು ಸಮಂಜಸ. ಇಲ್ಲಿನ ಗ್ಲಾಸು, ಚಮಚಗಳ ಅಳತೆ ಊಹೆಯದೆಂಬುದನ್ನು ಓದುಗರು ಲಕ್ಷ್ಯದಲ್ಲಿಡಬೇಕು.

7. ಮನೆಯಲ್ಲಿ ಮಾಡುವಾಗ

ಡ್ಯೂಕ್ ಪಾಠ ಕೇಳುವುದು ಒಡೆದು ಬೀಸಿದ ಓಟ್ಸ್ ಹಿಟ್ಟನ್ನು. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಪೊಟ್ಟಣದ ಓಟ್ಸ್ ಹಬೆಯಲ್ಲಿ ಬೆಂದು ಅವಲಕ್ಕಿಯಂತೆ ಚಪ್ಪಟೆಯಾದದ್ದು. ಅದರ ಹಾಲು ಲೋಳೆಯಾಗುವ ಸಂಭವವಿದೆ. ಆ ಲೋಳೆಗೆ ಮುಖ್ಯ ಕಾರಣ ಬೀಟಾ ಗ್ಲುಕಾನ್ ಎಂಬ ನಾರು. ಮದ್ಯಸಾರ ಹೆಚ್ಚಿದಂತೆ ಅದು ದ್ರಾವಣದಿಂದ ಬೇರ್ಪಡುತ್ತದೆ. ಪಿಷ್ಟವಂತೂ ತಾನಾಗಿ ತಳ ಸೇರುತ್ತದೆ. ಮೇಲಿನ ಲೆಕ್ಕದಂತೆ, 40% ವಿಸ್ಕಿ ಬಳಸಿದರೆ ಬಾಟಲಿಯಲ್ಲಿ ಮದ್ಯಸಾರ ಸುಮಾರು 30% ಇರುತ್ತದೆ. ಬಡಿಸುವ ಮುನ್ನ ಚೆನ್ನಾಗಿ ಕುಲುಕಬೇಕೆಂಬ ಡ್ಯೂಕ್ ಪಾಠದ ಸೂಚನೆಯ ಹಿಂದಿರುವುದು ಬಹುಶಃ ಇದೇ ಬೇರ್ಪಡುವಿಕೆ.

ಕೆನೆ ಸೇರಿಸುವುದಾದರೆ ಕ್ರಮಕ್ಕೆ ಮಹತ್ತ್ವವಿದೆ. ಜೇನೂ ವಿಸ್ಕಿಯೂ ಎರಡೂ ತುಸು ಆಮ್ಲೀಯ. ಕೊಬ್ಬು ಹೆಚ್ಚಿರುವ ಕೆನೆಗೆ ಮೊದಲು ಜೇನು ಕದಡಿ, ಬಳಿಕ ವಿಸ್ಕಿಯನ್ನು ಎಳೆಯಾಗಿ ಇಳಿಬಿಟ್ಟರೆ ಒಡೆಯುವ ಸಾಧ್ಯತೆ ಕಡಿಮೆ. ಕೆನೆ ಬೆರೆಸಿದ್ದನ್ನು ಅಂದೇ ಮುಗಿಸುವುದು ಒಳಿತು. ಡಾಡ್ಸ್ ಪಾಠದ್ದನ್ನು ಬಿರಡೆ ಬಿಗಿದು ಇಡಬಹುದು.