ಏಟು ತಿಂದು ಬೆಳೆದ ಮಗು ಮುಂದೆ ಅಪರಾಧಿಯಾಗುತ್ತದೆಯೇ?

ಯಾವುದಾದರೂ ಕೊಲೆ ಸುದ್ದಿಯಾದರೆ ಸಾಕು, 'ಬಾಲ್ಯದಲ್ಲಿ ಹಿಂಸೆ ಅನುಭವಿಸಿದವರೇ ದೊಡ್ಡವರಾದ ಮೇಲೆ ಹಿಂಸೆ ಮಾಡುತ್ತಾರೆ' ಎಂಬರ್ಥದ ಸಂದೇಶಗಳು ವಾಟ್ಸಾಪ್‌ನಲ್ಲಿ ಓಡಾಡುತ್ತವೆ. ಇದು ನಿಜವೇ? ಅರ್ಧ ನಿಜ. ಉಳಿದ ಅರ್ಧ, ಕಷ್ಟಪಟ್ಟು ಬೆಳೆದ ಮಕ್ಕಳ ಮೇಲೆ ಸುಮ್ಮನೆ ಅನುಮಾನ ಹೊರಿಸುತ್ತದೆ.

ಜೈಲಿಗೆ ಹೋಗಿ ಕೈದಿಗಳ ಬಾಲ್ಯ ವಿಚಾರಿಸಿದರೆ ನೋವಿನ ಕಥೆಗಳು ಬೇಕಾದಷ್ಟು ಸಿಗುತ್ತವೆ. ಆದರೆ ಅದೇ ನೋವು ಉಂಡು ಇವತ್ತು ಬಸ್ ಓಡಿಸುತ್ತಿರುವವರು, ಶಾಲೆಯಲ್ಲಿ ಪಾಠ ಮಾಡುತ್ತಿರುವವರು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಅಮೆರಿಕದ ಸಂಶೋಧಕಿ ಕ್ಯಾಥಿ ಸ್ಪಾಟ್ಜ್ ವೈಡಮ್ ಅದಕ್ಕೇ ಮಕ್ಕಳಿಂದ ಶುರು ಮಾಡಿದರು. 1967ರಿಂದ 1971ರ ನಡುವೆ ಹಿಂಸೆ ಅಥವಾ ನಿರ್ಲಕ್ಷ್ಯಕ್ಕೆ ಒಳಗಾಗಿದ್ದು ಕೋರ್ಟ್ ದಾಖಲೆಯಲ್ಲಿದ್ದ 908 ಮಕ್ಕಳನ್ನು ಒಂದು ಕಡೆ, ಅದೇ ವಯಸ್ಸಿನ, ಅದೇ ಬಗೆಯ ಹಿನ್ನೆಲೆಯ 667 ಮಕ್ಕಳನ್ನು ಇನ್ನೊಂದು ಕಡೆ ಇಟ್ಟುಕೊಂಡು, ಅವರು ಬೆಳೆದ ಮೇಲಿನ ಪೊಲೀಸ್ ದಾಖಲೆಗಳನ್ನು ಹುಡುಕಿದರು. ಫಲಿತಾಂಶ 1989ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು.

ಹಿಂಸಾತ್ಮಕ ಅಪರಾಧಕ್ಕೆ ಬಂಧನವಾದವರು ಮೊದಲ ಗುಂಪಿನಲ್ಲಿ 100ಕ್ಕೆ 11, ಎರಡನೆಯದರಲ್ಲಿ 8. ಅಪಾಯ ಹೆಚ್ಚಿದ್ದು ಹೌದು. ಆದರೆ ಆ ಮೊದಲ ಗುಂಪಿನಲ್ಲೇ ಉಳಿದ 89 ಮಂದಿಯ ಮೇಲೆ ಅಂಥ ಕೇಸೇ ಇರಲಿಲ್ಲ. ಫಾರ್ವರ್ಡ್ ಮಾಡುವವರು ಈ 89ನ್ನು ಮರೆತುಬಿಡುತ್ತಾರೆ.

ಇನ್ನೊಂದು ಸಂಖ್ಯೆ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿತು. ಬರೀ ಹೊಡೆತ ತಿಂದ ಮಕ್ಕಳಲ್ಲಿ ಈ ಪ್ರಮಾಣ ಸುಮಾರು 16 ಇದ್ದರೆ, ಯಾರೂ ಕೈಮಾಡದೆ, ಆದರೆ ಊಟ, ಬಟ್ಟೆ, ಆರೈಕೆ ನೋಡುವವರೂ ಇಲ್ಲದೆ ಬೆಳೆದ ಮಕ್ಕಳಲ್ಲೂ 12ಕ್ಕಿಂತ ಮೇಲಿತ್ತು. 'ನಾವು ಮಗುವಿಗೆ ಒಂದೇಟೂ ಹಾಕಿಲ್ಲ' ಎನ್ನುವುದಷ್ಟೇ ಸಾಲದು ಎಂದಾಯಿತು.

ಏಟಿಗೂ ಮುಂದಿನ ಜಗಳಗಂಟತನಕ್ಕೂ ಸಂಬಂಧ ಹೇಗೆ? ಯಾವಾಗ ಏಟು ಬೀಳುತ್ತದೋ ಗೊತ್ತಿಲ್ಲದ ಮನೆಯಲ್ಲಿ ಮಗು ದೊಡ್ಡವರ ಮುಖ ಓದುವುದನ್ನು ಬೇಗ ಕಲಿಯುತ್ತದೆ. ಸೆತ್ ಪೊಲಾಕ್ ಎಂಬ ಮನಶ್ಶಾಸ್ತ್ರಜ್ಞರ ತಂಡ ಮಸುಕಾಗಿದ್ದು ಹಂತಹಂತವಾಗಿ ಸ್ಪಷ್ಟವಾಗುವ ಮುಖಗಳ ಚಿತ್ರ ತೋರಿಸಿದಾಗ, ಹೊಡೆತ ತಿಂದ ಮಕ್ಕಳು ಸಿಟ್ಟಿನ ಮುಖವನ್ನು ಉಳಿದ ಮಕ್ಕಳಿಗಿಂತ ಮೊದಲೇ ಗುರುತಿಸಿದರು. ಮನೆಯಲ್ಲಿ ಅದು ರಕ್ಷಣೆ. ಶಾಲೆಯಲ್ಲಿ ಯಾರೋ ಅಕಸ್ಮಾತ್ ತಾಗಿದರೂ 'ಬೇಕಂತಲೇ ಮಾಡಿದ' ಎನಿಸತೊಡಗಿದರೆ ಅದೇ ಜಗಳಕ್ಕೆ ದಾರಿ.

ಇದು ಹಣೆಬರಹವೂ ಅಲ್ಲ. ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿ 1970ರ ದಶಕದ ಕೊನೆಯಲ್ಲಿ ನರ್ಸ್‌ಗಳು ಗರ್ಭಿಣಿಯರ ಮನೆಗೆ ಹೋಗಿ, ಮಗುವಿಗೆ 2 ವರ್ಷವಾಗುವವರೆಗೂ ಭೇಟಿ ಮುಂದುವರಿಸಿದರು. ಬಡ, ಒಂಟಿ ತಾಯಂದಿರ ಮಕ್ಕಳಲ್ಲಿ 15ನೇ ವಯಸ್ಸಿಗೆ ಬಂಧನಗಳು ಕಡಿಮೆಯಾಗಿದ್ದವು.

ಪಕ್ಕದ ಮನೆಯಲ್ಲಿ ಮಗುವಿಗೆ ಹಿಂಸೆಯಾಗುತ್ತಿದೆ ಎಂಬ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಕರೆ ಉಚಿತ, ಹಗಲು ರಾತ್ರಿ ಇರುತ್ತದೆ.