ಮೂಗಿನ ಸಾಕ್ಷಿ

ಹೋದ ವರ್ಷ ಅಮ್ಮನನ್ನು ಕರೆದುಕೊಂಡು ಬೆಂಗಳೂರಿನ ತಮ್ಮನ ಮನೆಗೆ ಹೋಗಿದ್ದೆ. ಸಂಜೆ ತಮ್ಮನ ಮಗ ಒಂದು ಬಾಟಲಿ ತಂದು ಮೇಜಿನ ಮೇಲಿಟ್ಟ. ನಾನು ಮುಖ ಸಿಂಡರಿಸಿದ್ದನ್ನು ಕಂಡು, "ಅತ್ತೆ, ಇದನ್ನು ಗಟಗಟ ಕುಡಿಯೋದಲ್ಲ, ಪರೀಕ್ಷೆ ಮಾಡೋದು" ಎಂದ. ಮೊಗ್ಗಿನ ಆಕಾರದ ಪುಟ್ಟ ಲೋಟಕ್ಕೆ ಎರಡು ಚಮಚೆಯಷ್ಟು ಬಗ್ಗಿಸಿ ದೀಪಕ್ಕೆ ಹಿಡಿದು ಬಣ್ಣ ನೋಡಿದ. ಬಾಯಿ ಅರೆ ತೆರೆದು ಮೂಸಿದ. ನಾಲ್ಕು ಹನಿ ನೀರು ಹಾಕಿ ಇನ್ನೊಮ್ಮೆ ಮೂಸಿದ. ಕೊನೆಗೊಂದು ಗುಟುಕು ನಾಲಿಗೆಯ ಮೇಲೆ ಹೊರಳಿಸಿ, "ಜೇನು, ಸುಟ್ಟ ಸಕ್ಕರೆ, ಸ್ವಲ್ಪ ಹೊಗೆ" ಎಂದು ನೋಟುಬುಕ್ಕಿನಲ್ಲಿ ಬರೆದುಕೊಂಡು 100ಕ್ಕೆ 88 ಅಂಕ ಕೊಟ್ಟ. ಗಣಿತದಲ್ಲಿ ಅವನಿಗೆ ಅಷ್ಟು ಬಂದದ್ದು ನನಗೆ ನೆನಪಿಲ್ಲ!

ಅದು ಬೆಂಗಳೂರಿನದೇ ಅಮೃತ್ ಫ್ಯೂಷನ್ ಎಂಬ ಸಿಂಗಲ್ ಮಾಲ್ಟ್ ವಿಸ್ಕಿ. ಮಾಲ್ಟ್ ಎಂದರೇನು ಎಂದು ಅವನು ವಿವರಿಸತೊಡಗಿದಾಗ ನನಗೆ ನಗು ಬಂತು. ಜಗಳೂರಿನ ಅಜ್ಜಿ ಕೂಸುಗಳಿಗೆಂದು ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದಮೇಲೆ ಒಣಗಿಸಿ ಬೀಸುತ್ತಿದ್ದಳಲ್ಲ, ಅದೇ! ಮೊಳೆತ ಕಾಳಿನಲ್ಲಿ ಹಿಟ್ಟು ಸಕ್ಕರೆಯಾಗುತ್ತದೆ. ಅವರದು ಬಾರ್ಲಿ. ಆ ಸಿಹಿನೀರನ್ನು ಹುಳಿಬರಿಸಿ, ತಾಮ್ರದ ಹಂಡೆಗಳಲ್ಲಿ ಎರಡು ಸಲ ಬಟ್ಟಿ ಇಳಿಸಿ, ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಎಲ್ಲವೂ ಒಂದೇ ಕಾರ್ಖಾನೆಯದಾದರೆ ಸಿಂಗಲ್ ಮಾಲ್ಟ್. ಸ್ಕಾಟ್ಲೆಂಡಿನಲ್ಲಿ ಇದರ ಹಳೆಯ ದಾಖಲೆ 1494ರದು: ರಾಜನ ಅಪ್ಪಣೆಯಂತೆ ಜಾನ್ ಕಾರ್ ಎಂಬ ಸನ್ಯಾಸಿಗೆ ಮದ್ಯ ಮಾಡಲು ಮಾಲ್ಟ್ ಕೊಟ್ಟ ಲೆಕ್ಕ. ಸನ್ಯಾಸಿಗೇ ಕೊಟ್ಟರು, ನೋಡಿ.

ನಮ್ಮ ದೇಶದ ಬಹುಪಾಲು ವಿಸ್ಕಿ ಕಬ್ಬಿನ ಕಾಕಂಬಿಯ ಸ್ಪಿರಿಟ್ಟಿನಿಂದ ಆದದ್ದು. ಯೂರೋಪಿನವರು ಅದನ್ನು ವಿಸ್ಕಿಯೆಂದೇ ಒಪ್ಪುವುದಿಲ್ಲ. 1948ರಲ್ಲಿ ಶುರುವಾದ ಅಮೃತ್ ಡಿಸ್ಟಿಲರೀಸ್‌ನವರು ಬಾರ್ಲಿಯಿಂದಲೇ ಮಾಡಿದ ವಿಸ್ಕಿಯನ್ನು ನೀಲಕಂಠ ರಾವ್ ಜಗದಾಳೆಯವರ ಕಾಲದಲ್ಲಿ, 2004ರ ಆಗಸ್ಟಿನಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೇ ಒಯ್ದು ಮಾರಾಟಕ್ಕಿಟ್ಟರು. ಮಲೆನಾಡಿಗೆ ಹೋಗಿ ಅಡಿಕೆ ಮಾರಿದ ಹಾಗೆ. ಜಿಮ್ ಮರ್ರೆ ಎಂಬ ಇಂಗ್ಲಿಷ್ ವಿಮರ್ಶಕ ತನ್ನ 2010ರ 'ವಿಸ್ಕಿ ಬೈಬಲ್'ನಲ್ಲಿ ಈ ಫ್ಯೂಷನ್ನಿಗೆ 97 ಅಂಕ ಕೊಟ್ಟು ಲೋಕದಲ್ಲೇ ಮೂರನೆಯದೆಂದ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಎರಡು ಪಾಲು ಆವಿಯಾಗಿ ಹೋದರೆ ಬೆಂಗಳೂರಿನಲ್ಲಿ ಹತ್ತಕ್ಕೂ ಮೇಲೆ ಹೋಗುತ್ತದೆ. ಅದನ್ನು ದೇವತೆಗಳ ಪಾಲು ಎನ್ನುತ್ತಾರಂತೆ.

ದೇವತೆಗಳ ಪಾಲು ಎಂದಾಗ ನನಗೆ ನಮ್ಮ ಚನ್ನಗಿರಿಯ ಮನೆ ನೆನಪಾಯಿತು. ಅಪ್ಪ ಅಡಿಕೆ ಮಂಡಿಯಲ್ಲಿ ಕೆಲಸಕ್ಕಿದ್ದರು. ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯ ದರ್ಜೆಯನ್ನು ಅವರು ಕಣ್ಣಲ್ಲೇ ಹೇಳುತ್ತಿದ್ದರು. ಅವರ ದರ್ಜೆಯನ್ನು ಹೇಳುವವಳು ಅಮ್ಮ. ಅಂಗಳದ ಗೇಟು ಕಿರ್ರೆಂದರೆ ಅಡಿಕೆ ಸುಲಿಯುತ್ತಿದ್ದ ಕತ್ತಿ ನಿಲ್ಲಿಸಿ ಮೂಗೆತ್ತುತ್ತಿದ್ದಳು. ಸೇಂದಿಯಾದರೆ ಅನ್ನ ಬಿಸಿಮಾಡುತ್ತಿದ್ದಳು. ಸಾರಾಯಿಯಾದರೆ ಸುಲಿದ ಕೂಲಿಯ ದುಡ್ಡು ರಾಗಿ ಡಬ್ಬಿಯ ತಳಕ್ಕೆ ಹೋಗುತ್ತಿತ್ತು, ನಾವು ಮೂವರು ಮಕ್ಕಳು ಹಿತ್ತಿಲಿನಿಂದ ಪಕ್ಕದ ಮನೆಗೆ. ಎಲೆಯಡಿಕೆ ಜಗಿದು ವಾಸನೆ ಮುಚ್ಚಿಕೊಂಡು ಬಂದ ದಿನವೇ ಹೆಚ್ಚು ಅಪಾಯದ್ದು. ಅಂದು ಅವರಿಗೆ ಅವಮಾನವೂ ಸೇರಿರುತ್ತಿತ್ತು. ಅಮ್ಮನ ಅಂದಾಜು ತಪ್ಪಿದ್ದು ಒಮ್ಮೆ ಮಾತ್ರ. ಅವಳ ಎಡ ಹುಬ್ಬಿನ ಮೇಲೆ ಅದರ ಗುರುತಿದೆ.

ಹೊನ್ನಾಳಿಯ ದೊಡ್ಡಮ್ಮ, ನ್ಯಾಮತಿಯ ಚಿಕ್ಕಮ್ಮ ಹಬ್ಬಕ್ಕೆ ಬಂದರೆ ಅಕ್ಕತಂಗಿಯರ ಮಾತೂ ಇದೇ. ದೊಡ್ಡಮ್ಮ ಚಪ್ಪಲಿಯ ಸದ್ದಿನಲ್ಲಿ ಹೇಳುತ್ತಿದ್ದಳು, ಚಿಕ್ಕಮ್ಮ ಅಂಗಿಯ ಗುಂಡಿಯಲ್ಲಿ. ನಗುತ್ತಲೇ ಹೇಳುತ್ತಿದ್ದರು. ಆ ನಗು ನನಗೆ ಮದುವೆಯಾಗುವವರೆಗೂ ಅರ್ಥವಾಗಿರಲಿಲ್ಲ.

ಮೂಗಿಗೂ ಸಿಕ್ಕದ್ದು ಒಂದಿದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿದ್ದ ಮೀಥೈಲ್ ಆಲ್ಕೋಹಾಲ್ ವಾಸನೆಯಲ್ಲಿ, ರುಚಿಯಲ್ಲಿ ಮಾಮೂಲು ಮದ್ಯದಂತೆಯೇ ಇರುತ್ತದೆ; ಕುಡಿದವನ ಕಣ್ಣು ಹೋದಾಗಲೇ ತಿಳಿಯುವುದು. ಆ ವಾರವೆಲ್ಲ ಅಮ್ಮ ರಾತ್ರಿ ಎದ್ದೆದ್ದು ಅಪ್ಪನ ಮುಖದ ಹತ್ತಿರ ದೀಪ ಹಿಡಿದು, "ಕಾಣಿಸುತ್ತದಾ?" ಎಂದು ಕೇಳುತ್ತಿದ್ದಳು. ಬೈಸಿಕೊಳ್ಳುತ್ತಿದ್ದಳು. ಮತ್ತೆ ಕೇಳುತ್ತಿದ್ದಳು.

1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು, ಮರುವರ್ಷ ಆಂಧ್ರದಲ್ಲಿ ಸಾರಾಯಿ ನಿಂತಿತು. ನಮ್ಮಲ್ಲಿ ನಿಲ್ಲಲು 2007ರ ಜುಲೈ 1 ಬರಬೇಕಾಯಿತು. ಅಪ್ಪ ಅಷ್ಟು ಕಾಲ ಇರಲಿಲ್ಲ. ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿ ಬಂತೆಂಬುದು ಬೇರೆ ಮಾತು.

ಇಷ್ಟೆಲ್ಲ ನೆನೆಯುತ್ತ ಕೂತಿದ್ದಾಗ ಅಮ್ಮ ಒಳಗಿನಿಂದ ಬಂದಳು. ಎಂಬತ್ತು ದಾಟಿದೆ, ಕಣ್ಣು ಮಂಜು. ಹುಡುಗನಿಗೆ ಏನನ್ನಿಸಿತೋ, "ಅಜ್ಜಿ, ಮೂಸಿ ಹೇಳು" ಎಂದು ಲೋಟ ಹಿಡಿದ. ನಾನು ಬೇಡವೆನ್ನುವುದರೊಳಗೆ ಅಮ್ಮ ಅದನ್ನು ತೆಗೆದುಕೊಂಡು ಮೂಗಿನಿಂದ ಗೇಣು ದೂರದಲ್ಲಿ ಹಿಡಿದಳು. ಅವನಂತೆ ಒಳಗೆ ಮೂಗು ತೂರಿಸಲಿಲ್ಲ.

"ಸಾರಾಯಿಯಲ್ಲ. ಒದ್ದೆ ಮರದ ವಾಸನೆ. ಮೇಲೆ ಬೆಲ್ಲದ ಪಾಕ ಸೀದಂಗಿದೆ" ಎಂದಳು. ಆಮೇಲೆ, "ಎಷ್ಟು ಹೊತ್ತಿಗೆ ಮುಗಿಸ್ತೀಯ?" ಎಂದು ಕೇಳಿದಳು.

ಹುಡುಗ ಮೊದಲೆರಡು ಮಾತನ್ನು ಖುಷಿಯಿಂದ ನೋಟುಬುಕ್ಕಿನಲ್ಲಿ ಬರೆದುಕೊಂಡ. ಅಮ್ಮ ಲೋಟವನ್ನು ಮೇಜಿನ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಳು.